ಅಲುಗದ ಕಪ್ಪೆ

"ಇನ್ನೂ ಕೆಳಗಿಳಿಸು," ಅಂದರು ಇಂಜಿನಿಯರ್ ಮರುಲಾಂದಾ.

"ಇನ್ನೂ ಇಳಿಸಿದ್ರೆ ಯಾರದಾದ್ರೂ ಬಟ್ಟೆ ಒಣಹಾಕೋ ತಂತಿಗೆ ಸಿಕ್ಕಾಕೊಳ್ಳುತ್ತೆ," ಅಂದಳು ಯೂರಾನಿ. ಅನ್ನುತ್ತಲೇ ಇಳಿಸಿದಳು.

ಕಣಿವೆಯ ಈಚೆ, ಒಂದು ಶಾಲೆಯ ತಾರಸಿಯ ಮೇಲೆ, ನೀಲಿ ಟಾರ್ಪಾಲಿನ ಅಡಿಯಲ್ಲಿ, ಇಬ್ಬರೂ ಡ್ರೋನಿನ ಒಂದೇ ಪರದೆಗೆ ತಲೆ ತೂರಿಸಿ ನಿಂತಿದ್ದರು. ವಾರದಿಂದ ಹಿಡಿದ ಮಳೆ ಬೆಳಿಗ್ಗೆ ಬಿಟ್ಟಿತ್ತು, ಮಂಜು ಬಿಟ್ಟಿರಲಿಲ್ಲ. ಕಣಿವೆಯ ಆಚೆ ಗುಡ್ಡ ಇರಬೇಕಾದ ಕಡೆ ಬರೀ ಬೆಳ್ಳಗೆ, ಹಾಲು ಉಕ್ಕಿ ಚೆಲ್ಲಿದ ಹಾಗೆ. ಆ ಬಿಳುಪಿನ ಒಳಗೆಲ್ಲೋ ಲಾ ಎಸ್ಪಿಗಾ ಇತ್ತು. ಇಟ್ಟಿಗೆಯ ಮನೆ, ತಗಡಿನ ಮನೆ, ಒಂದರ ಹೆಗಲ ಮೇಲೊಂದು ಕೂತು ಗುಡ್ಡ ಹತ್ತಿದ ಕೇರಿ. ಯೂರಾನಿ ಹುಟ್ಟಿದ್ದು ಅಲ್ಲೇ. ಅವಳನ್ನು ಸಾಕಿದ ಚಿಕ್ಕಮ್ಮ ಎದಿಲ್ಮಾ ಈಗಲೂ ಅಲ್ಲೇ, ಮೇಲಿನ ಸಾಲಿನ ಹಸಿರು ಬಾಗಿಲ ಮನೆಯಲ್ಲಿ.

"ಬೆಳಿಗ್ಗೆಯಿಂದ ನಿನ್ನದು ಒಂದೇ ಹಟ," ಅಂದರು ಮರುಲಾಂದಾ, ಕನ್ನಡಕ ಒರೆಸುತ್ತ. "ಮೆಡೆಲಿನ್‌ನಲ್ಲಿ ಹಳದಿಯಾಗಿರೋ ಗುಡ್ಡ ಎಷ್ಟಿವೆ ನೋಡು. ಅವನ್ನೆಲ್ಲ ಬಿಟ್ಟು ಹಸಿರಾಗಿರೋದನ್ನ ನೋಡೋಕೆ ಬಂದಿದೀವಿ."

"ಅದಕ್ಕೇ ಬಂದಿದ್ದು ಇಂಜಿನಿಯರೇ. ಆಚೆಯದು ಹಳದಿ, ಈಚೆಯದು ಹಳದಿ, ಮಧ್ಯ ಇದೊಂದು ಹಸಿರು. ಹೆಂಗೆ? ಮಳೆ ಇದರ ಮೇಲೆ ಬೀಳಲಿಲ್ವಾ?"

"ನಿನ್ನ ಗುಡ್ಡ ಒಳ್ಳೇ ಮನೆತನದ್ದು ಅನ್ಕೋ."

ಯೂರಾನಿ ನಗಲಿಲ್ಲ. ಅವಳ ಬಲಗಾಲು ತನ್ನಷ್ಟಕ್ಕೆ ತಾನೇ ಕುಣಿಯುತ್ತಿತ್ತು. ರಾತ್ರಿಯಿಡೀ ಹಾಸಿಗೆಯಲ್ಲಿ ಹೊರಳಾಡಿದ್ದಳು, ಬೆಳಿಗ್ಗೆ ಕಾಫಿಯನ್ನು ಅರ್ಧಕ್ಕೇ ಬಿಟ್ಟು ಬಂದಿದ್ದಳು. ಯಾಕೆ ಅಂತ ಕೇಳಿದರೆ ಹೇಳುವುದಕ್ಕೆ ಅವಳ ಹತ್ತಿರ ಪರದೆಯ ಮೂಲೆಯ ಆ ಹಸಿರು ಚುಕ್ಕೆ ಬಿಟ್ಟು ಬೇರೇನೂ ಇರಲಿಲ್ಲ.

ನಗರದವರು ಗುಡ್ಡಗುಡ್ಡಕ್ಕೂ ಕಂಬ ನೆಟ್ಟಿದ್ದರು. ಸೊಂಟದೆತ್ತರದ ಕಬ್ಬಿಣದ ಕಂಬ, ನೆತ್ತಿಯ ಮೇಲೆ ಸೌರಫಲಕ, ಹೊಟ್ಟೆಯಲ್ಲಿ ಸೆನ್ಸರ್. ನೆಲ ಜಾರಿದರೆ ಕಂಬ ವಾಲುತ್ತದೆ. ಕಂಬ ವಾಲಿದರೆ ಕೇಂದ್ರದ ಪರದೆಯ ಮೇಲಿನ ಚುಕ್ಕೆ ಹಸಿರಿನಿಂದ ಹಳದಿಗೆ, ಹಳದಿಯಿಂದ ಕೆಂಪಿಗೆ ತಿರುಗುತ್ತದೆ. ಕೆಂಪಾದರೆ ಸೈರನ್. ಲಾ ಎಸ್ಪಿಗಾದ ಕಂಬವನ್ನು ನೆಟ್ಟ ದಿನ ಯೂರಾನಿಯೇ ಜೊತೆಗಿದ್ದು, ತನ್ನ ಕೇರಿಯವರಿಗೆ ತಾನೇ ಎಲ್ಲ ಬಿಡಿಸಿ ಹೇಳಿದ್ದಳು. ಕೇರಿಯವರು ಕಿವಿಗೊಟ್ಟು ಕೇಳಿ, ಕೊನೆಗೆ ಅದಕ್ಕೆ ಕಪ್ಪೆ ಅಂತ ಹೆಸರಿಟ್ಟಿದ್ದರು. ಪೊಲೀಸರಿಗೆ ಚಾಡಿ ಹೇಳುವವನನ್ನು ಆ ಊರಲ್ಲಿ ಕರೆಯುವುದು ಕಪ್ಪೆ ಅಂತಲೇ. ನಮ್ಮ ಕಾಲಡಿಯ ಸುದ್ದಿಯನ್ನು ಸರಕಾರಕ್ಕೆ ಮುಟ್ಟಿಸುವ ಇದು ಕಪ್ಪೆಯಲ್ಲದೆ ಮತ್ತೇನು ಅಂತ ನಕ್ಕಿದ್ದರು.

ಆ ನಗೆ ಮಾರ್ಚ್ ತಿಂಗಳವರೆಗೆ ಮಾತ್ರ ಇತ್ತು. ಮಾರ್ಚ್‌ನಲ್ಲಿ ಒಂದು ದಿನ ಕೇರಿಯ ಅಲ್ಬೇಯ್ರೋನ ಹೇಸರಗತ್ತೆಗೆ ಬೆನ್ನು ಕೆರೆಯಿತು. ಅದು ಹೋಗಿ ಕಪ್ಪೆಗೆ ಬೆನ್ನು ಉಜ್ಜಿತು. ಸೈರನ್ ಕೂಗಿತು. ಜನ ಮಕ್ಕಳನ್ನು ಕಂಕುಳಲ್ಲಿ ಹೊತ್ತು ಕೆಳಗೆ ಓಡಿದರು. ವಾಪಸ್ಸು ಹತ್ತಿ ಬಂದಾಗ ಯಾರದೋ ಟಿವಿ ಇಲ್ಲ, ಯಾರದೋ ಗ್ಯಾಸ್ ಸಿಲಿಂಡರ್ ಇಲ್ಲ. ಅದಾದ ಮೇಲೆ ಡ್ರೋನ್ ಹಾರಿ ಫೋಟೋ ತೆಗೆಯಿತು, ಫೋಟೋ ಹಿಂದೆಯೇ ಅಧಿಕಾರಿಗಳು ಬಂದು, ಅನುಮತಿ ಇಲ್ಲದೆ ಮೇಲಂತಸ್ತು ಎಬ್ಬಿಸಿದವರ ಬಾಗಿಲಿಗೆಲ್ಲ ಕೆಡವುವ ಗುರುತಿಗೆ ಕೆಂಪು ಬಣ್ಣ ಬಳಿದು ಹೋದರು. ಅಂದಿನಿಂದ ಯೂರಾನಿ ಕೇರಿಗೆ ಕಾಲಿಟ್ಟಿರಲಿಲ್ಲ. ಆ ಡ್ರೋನ್ ಹಾರಿಸಿದವಳು ಅವಳೇ. ಮೇಲಿನವರು ಹಾರಿಸು ಅಂದರು, ಹಾರಿಸಿದಳು.

"ಅಗೋ," ಅಂದರು ಮರುಲಾಂದಾ.

ಮಂಜು ಹರಿದು ಮನೆಗಳು ಕಾಣಿಸಿದವು. ಒದ್ದೆ ತಗಡು, ನೀರಿನ ಟ್ಯಾಂಕು, ಮೆಟ್ಟಿಲ ಸಾಲು. ಮೆಟ್ಟಿಲ ಮೇಲೆ ಬಕೀಟಿನಿಂದ ಕೆಸರು ತೋಡುತ್ತಿದ್ದ ಹೆಂಗಸು ತಲೆಯೆತ್ತಿ ನೋಡಿದಳು. ಚಿಕ್ಕಮ್ಮನ ಸಾಲಿನ ನೂಬಿಯಾ. ಯೂರಾನಿಗೆ ಅವಳ ಬಾಯಿ ಆಡಿದ್ದು ಕಾಣಿಸಿತು. ಏನಂದಳೆಂದು ಕೇಳಬೇಕಾಗಿರಲಿಲ್ಲ, "ಸೊಳ್ಳೆ ಬಂತು!" ಡ್ರೋನಿಗೆ ಕೇರಿಯವರಿಟ್ಟ ಹೆಸರು ಅದು. ಬಕೀಟು ಅಲ್ಲೇ ಬಿತ್ತು. ಹೊರಗಿದ್ದ ಮೂರೂ ಮಕ್ಕಳನ್ನು ಕುತ್ತಿಗೆಪಟ್ಟಿ ಹಿಡಿದು ಒಳಗೆ ತಳ್ಳಿ ಬಾಗಿಲು ಹಾಕಿಕೊಂಡಳು. ಪಕ್ಕದ ಮನೆಯ ಬಾಗಿಲು, ಅದರ ಕೆಳಗಿನದು, ಅದರ ಆಚೆಯದು, ಒಂದಾದ ಮೇಲೊಂದು ಪಟಪಟ ಮುಚ್ಚಿಕೊಂಡವು. ಮನೆಯೊಳಗೆ ಜನ ಇದ್ದು ಬಾಗಿಲು ಹಾಕಿದ್ದರೆ ಅಧಿಕಾರಿಗಳು ಬಣ್ಣ ಬಳಿಯುವುದಿಲ್ಲ ಅಂತ ಯಾರೋ ಹಬ್ಬಿಸಿದ್ದರು. ಡ್ರೋನ್ ಮುಂದೆ ಮುಂದೆ ಹೋದ ಹಾಗೆ ಕೇರಿ ಅದರ ಮುಂದೆ ಮುಂದೆಯೇ ಒಳಸೇರಿಕೊಂಡಿತು.

"ನೋಡಿದ್ರಾ? ನನ್ನ ಕಂಡ್ರೆ ಎಷ್ಟು ಪ್ರೀತಿ," ಅಂದಳು ಯೂರಾನಿ.

"ಕಂಬ ಎಲ್ಲಿ?"

"ಚಿಕ್ಕಮ್ಮನ ಮನೆ ಹಿಂದೆ. ತಡೀರಿ."

ಹಸಿರು ಬಾಗಿಲ ಮನೆಯ ಸೂರು ದಾಟಿತು ಡ್ರೋನ್. ಹಿಂದೆ ಏರು, ಏರಿನಲ್ಲಿ ಸೀಬೆ ಮರ, ಬಟ್ಟೆ ಒಣಹಾಕುವ ಗೂಟಗಳು, ಅದರ ನಡುವೆ ಕಪ್ಪೆ. ಯೂರಾನಿ ಕಣ್ಣು ಕಿರಿದು ಮಾಡಿದಳು. ಕಪ್ಪೆಗೆ ಬಿಳಿ, ನೀಲಿ ಬಣ್ಣ ಹೊಡೆದಿತ್ತು. ಸುತ್ತ ಡಬ್ಬಗಳಲ್ಲಿ ಹೂವಿನ ಗಿಡ. ಕಾಲ ಬುಡದಲ್ಲಿ ಪುಟ್ಟ ಗೂಡು, ಗೂಡಿನಲ್ಲಿ ದೇವಮಾತೆಯ ಮೂರ್ತಿ.

"ಕ್ಯಾಮೆರಾ ವಾಲಿದೆ, ಸರಿ ಮಾಡು," ಅಂದರು ಮರುಲಾಂದಾ.

"ಏನು?"

"ಎಲ್ಲಾ ಎಡಕ್ಕೆ ವಾಲಿದೆ ನೋಡು."

ವಾಲಿತ್ತು. ಸೀಬೆ ಮರ ಕೆಳಗಡೆಗೆ ವಾಲಿತ್ತು, ಗೂಟಗಳು ವಾಲಿದ್ದವು, ಬೇಲಿ ಹೊಟ್ಟೆ ಮುಂದೆ ಹಾಕಿಕೊಂಡು ನಿಂತಿತ್ತು. ಯೂರಾನಿ ಗುಂಡಿ ಒತ್ತಿ ಕ್ಯಾಮೆರಾದ ಮಟ್ಟ ನೋಡಿದಳು. ಸರಿಯಾಗಿತ್ತು. ಮತ್ತೊಮ್ಮೆ ಒತ್ತಿದಳು. ಆಗಲೂ ಸರಿಯಾಗಿತ್ತು. ಪರದೆಯಲ್ಲಿ ನೆಟ್ಟಗೆ ನಿಂತಿದ್ದು ಒಂದೇ ಒಂದು, ಕಪ್ಪೆ. ಮೇಣದಬತ್ತಿ ನಿಂತ ಹಾಗೆ.

ಅವಳ ಕುಣಿಯುವ ಕಾಲು ತಟ್ಟನೆ ನಿಂತಿತು.

"ಕ್ಯಾಮೆರಾ ಸರಿಯಾಗಿದೆ ಇಂಜಿನಿಯರೇ," ಅಂದಳು. "ವಾಲಿರೋದು ಗುಡ್ಡ."

ಮರುಲಾಂದಾ ಕನ್ನಡಕ ಹಾಕಿಕೊಂಡರು, ತೆಗೆದರು, ಮತ್ತೆ ಹಾಕಿಕೊಂಡರು. "ಹಂಗಾದ್ರೆ ಕಂಬ ಯಾಕೆ ವಾಲಿಲ್ಲ?"

ಅಷ್ಟರಲ್ಲಿ ಹಸಿರು ಬಾಗಿಲ ಮನೆಯ ಹಿತ್ತಿಲಿಂದ ಒಬ್ಬ ಹೆಂಗಸು ಹೊರಗೆ ಬಂದಳು. ದಪ್ಪ ಮೈ, ಹಳದಿ ಏಪ್ರನ್, ಕೈಯಲ್ಲಿ ಉದ್ದ ಹಿಡಿಯ ಮರದ ಸೌಟು. ಇಡೀ ಕೇರಿ ಒಳಗೆ ಓಡಿದರೆ ಇವಳೊಬ್ಬಳು ಹೊರಗೆ ಬಂದು, ಸೊಂಟಕ್ಕೆ ಕೈಯಿಟ್ಟು, ಡ್ರೋನಿನತ್ತ ಸೌಟು ಬೀಸತೊಡಗಿದಳು. ಯೂರಾನಿ ಫೋನ್ ಹಚ್ಚಿದಳು. ಪರದೆಯ ಮೇಲಿನ ಹೆಂಗಸು ಏಪ್ರನ್ ಜೇಬಿಗೆ ಕೈಹಾಕಿದಳು.

"ಏನೇ? ನಾಕು ತಿಂಗಳಿಂದ ಮುಖ ತೋರ್ಸಿಲ್ಲ, ಈಗ ಬಾನಲ್ಲಿ ನಿಂತ್ಕಂಡು ಇಣುಕ್ತೀಯಾ? ಊಟಕ್ಕೆ ಬಾ ಅಂದ್ರೆ ಕೆಲ್ಸ ಅಂತೀಯಾ, ಸೊಳ್ಳೆ ಕಳ್ಸಕ್ಕೆ ಮಾತ್ರ ಪುರುಸೊತ್ತು!"

"ಚಿಕ್ಕಮ್ಮ, ಚಿಕ್ಕಮ್ಮ, ಕೇಳು. ಕಪ್ಪೆಗೆ ಏನು ಮಾಡಿದೀರಾ?"

"ಹೆಂಗೈತೆ?" ಎದಿಲ್ಮಾಳ ದನಿ ಒಮ್ಮೆಗೇ ಹಿಗ್ಗಿತು. "ಚೆಂದ ಕಾಣ್ತೈತಾ ಮೇಲಿಂದ? ನೀನೇ ಬಂದು ನೋಡ್ಲಿ ಅಂತ ಸುಮ್ಕಿದ್ದೆ. ಆ ಹೇಸರಗತ್ತೆ ಗಲಾಟೆ ಆಯ್ತಲ್ಲ, ಆವತ್ತಿಂದ ಎಲ್ರೂ ನಿನ್ನೇ ಆಡ್ಕಳೋರು. ಎದಿಲ್ಮಾನ ಮಗಳ ಕಪ್ಪೆ ಸುಳ್ಳುಬುರುಕ ಕಪ್ಪೆ ಅಂತ. ನಂಗೆ ತಡೀಲಿಲ್ಲ. ಒಂದು ಭಾನ್ವಾರ ಕೊನ್ವೀತೆ ಕರ್ದೆ."

ಕೊನ್ವೀತೆ ಅಂದರೆ ಏನೆಂದು ಯೂರಾನಿಗೆ ಹೇಳಬೇಕಾಗಿರಲಿಲ್ಲ. ಲಾ ಎಸ್ಪಿಗಾದ ಮೆಟ್ಟಿಲು, ಚರಂಡಿ, ಅವಳು ಓದಿದ ಶಾಲೆಯ ಗೋಡೆ, ಎಲ್ಲ ಎದ್ದದ್ದು ಕೊನ್ವೀತೆಯಲ್ಲೇ. ಎದಿಲ್ಮಾ ದೊಡ್ಡ ಹಂಡೆಯ ಮುಚ್ಚಳಕ್ಕೆ ಸೌಟಿನಿಂದ ಬಡಿಯುವುದು, ಜನ ಗುದ್ದಲಿ, ಬಾಂಡ್ಲಿ ಹಿಡಿದು, ಮನೆಯಲ್ಲಿದ್ದ ಮರಗೆಣಸೋ ಬಾಳೆಕಾಯೋ ತಂದು ಹಂಡೆಗೆ ಹಾಕುವುದು, ಸಂಜೆಯವರೆಗೆ ದುಡಿದು ಆ ಹಂಡೆಯ ಸಾಂಕೋಚೊ ಸಾರು ಉಣ್ಣುವುದು.

"ಕರೆದು?"

"ಕರ್ದು, ಬುಡ ಅಗ್ದು, ಕೆಳಗೆ ಬಂಡೆ ಸಿಗೋವರ್ಗೂ ಹೋಗಿ, ಕಬ್ಬಿಣದ ಸಲಾಕೆ ಮೂರು ಬಂಡೆಗೆ ಹೊಡ್ದು, ಸಿಮೆಂಟು ಹಾಕ್ಸಿದ್ವಿ. ಸ್ಕೂಲಿಗೆ ಅಂತ ಇಟ್ಟಿದ್ದ ಸಿಮೆಂಟು ಕಣೇ! ಈಗ ಹೇಸರಗತ್ತೆ ಅಲ್ಲ, ಬಸ್ಸು ಬಂದು ಗುದ್ದಿದ್ರೂ ನಿನ್ ಕಪ್ಪೆ ಅಲ್ಲಾಡಾಕಿಲ್ಲ. ಆಮೇಲೆ ಒಂದ್ಸಲನಾದ್ರೂ ಸೈರನ್ ಕೂಗ್ತಾ? ಹೇಳು ನೋಡಾನಾ."

ಯೂರಾನಿ ಕಣ್ಣು ಮುಚ್ಚಿಕೊಂಡಳು. ಕೂಗಿರಲಿಲ್ಲ. ಏಪ್ರಿಲ್‌ನಿಂದ ಕೇಂದ್ರದಲ್ಲಿ ಲಾ ಎಸ್ಪಿಗಾದ ಸೆನ್ಸರ್ ಬರೆಯುವ ಗೆರೆ ಎಳೆದ ದಾರದ ಹಾಗೆ ನೇರವಾಗಿತ್ತು. ಕೇಂದ್ರದಲ್ಲಿ ಎಲ್ಲರೂ ಅವಳ ಬೆನ್ನು ತಟ್ಟಿದ್ದರು. ಬೇರೆ ಕೇರಿಗೆ ಹೋದಾಗ ಮರುಲಾಂದಾ ಇದನ್ನೇ ಮಾದರಿ ಅಂತ ತೋರಿಸುತ್ತಿದ್ದರು.

"ಅಯ್ಯೋ ದೇವರೇ," ಅಂದರು ಮರುಲಾಂದಾ ಮೆತ್ತಗೆ. ಅವರಿಗೂ ಕೇಳಿಸಿತ್ತು. "ಬಂಡೆಗೆ ಕಟ್ಟಿಬಿಟ್ಟಿದ್ದಾರೆ. ಮಣ್ಣು ಜಾರಿದ್ರೂ ಕಂಬ ವಾಲಲ್ಲ." ಅವರು ತಮ್ಮ ಫೋನ್ ತೆಗೆದು ಮೇಲಿನವರ ನಂಬರು ಒತ್ತಿದರು. ಮಾರ್ಚ್ ಆದ ಮೇಲೆ ಅವರೂ ಕೈಯಾರೆ ಸೈರನ್ ಹಾಕುವಂತಿರಲಿಲ್ಲ. ಚುಕ್ಕೆ ಕೆಂಪಾಗಬೇಕು, ಇಲ್ಲವೇ ಮೇಲಿನಿಂದ ಅಪ್ಪಣೆ ಬರಬೇಕು.

"ಚಿಕ್ಕಮ್ಮ, ಅಲ್ಲೇ ಕಪ್ಪೆ ಹತ್ರ ಹೋಗು. ಮರ ನೋಡು. ಗೂಟ ನೋಡು."

"ಮರಕ್ಕೇನಾಗೈತೆ?"

"ವಾಲಿಲ್ವಾ?"

"ಅದು ದಿನಾ ಹಂಗೇ… ಗಾಳಿಗೆ…" ಎದಿಲ್ಮಾ ಮಾತು ನಿಲ್ಲಿಸಿದಳು. ಪರದೆಯಲ್ಲಿ ಹಳದಿ ಏಪ್ರನ್ ಏರು ಹತ್ತಿತು, ಸಿಮೆಂಟಿನ ಕಟ್ಟೆಯ ಪಕ್ಕ ಬಗ್ಗಿತು. ಕಟ್ಟೆಗೂ ಮಣ್ಣಿಗೂ ನಡುವೆ ಒಂದು ಕಪ್ಪು ಗೆರೆ. ಮೇಲಿಂದ ನೋಡಿದರೆ ಅದು ಹಿತ್ತಿಲು ದಾಟಿ, ಪಕ್ಕದ ಹಿತ್ತಿಲು ದಾಟಿ, ನೂಬಿಯಾಳ ಮನೆಯ ಹಿಂದಿನವರೆಗೂ ಬಾಗಿ ಹೋಗಿತ್ತು. ಹುಲ್ಲಿನಲ್ಲಿ ಯಾರೋ ಬೆರಳಾಡಿಸಿದ ಹಾಗೆ.

ಎದಿಲ್ಮಾ ಸೌಟನ್ನು ಆ ಗೆರೆಯೊಳಗೆ ಇಳಿಸಿದಳು. ಹಿಡಿಯವರೆಗೂ ಹೋಯಿತು. ಮೊಣಕೈಯವರೆಗೆ ಕೈಯೂ ಹೋಯಿತು.

"ಯೂರಾನಿ," ಅಂದಳು. ಬೈಗುಳದ ದನಿ ಎಲ್ಲಿ ಹೋಯಿತೋ. "ತಳ ಸಿಗ್ತಿಲ್ಲ ಕಣೇ."

"ಎಲ್ರನ್ನೂ ಆಚೆ ಕರ್ಕೊಂಡು ಹೋಗು. ಈಗ್ಲೇ. ಕೆಳಗೆ ಕಾಲ್ಚೆಂಡು ಅಂಗಳಕ್ಕೆ."

"ಸೈರನ್ ಹಾಕ್ಸು."

"ಆಗ್ತಿಲ್ಲ. ಇಂಜಿನಿಯರು ಕೇಳ್ತಾ ಇದ್ದಾರೆ."

"ಹಾಕಿದ್ರೂ ಯಾರು ಬತ್ತಾರೆ ಬಿಡು. ಟಿವಿ ಕಳ್ಕಂಡವ್ರು ಇನ್ನೂ ಕಂತು ಕಟ್ತಾವ್ರೆ. ನಾನು ಕೂಗ್ಲಾ?"

"ಮುಚ್ಚಳ ಬಡಿ."

ಪರದೆಯಲ್ಲಿ ಎದಿಲ್ಮಾ ತಲೆಯೆತ್ತಿ ಡ್ರೋನಿನತ್ತ ನೋಡಿದಳು.

"ಮುಚ್ಚಳನಾ?" ಅಂದಳು ಎದಿಲ್ಮಾ. "ಕೊನ್ವೀತೆ ಇಲ್ದೇನೇ? ಲೇ, ಇಪ್ಪತ್ತು ವರ್ಷದಿಂದ ಬಡಿತಿದೀನಿ. ಒಂದು ದಿನ ಸುಮ್‌ಸುಮ್ಕೆ ಬಡ್ದಿಲ್ಲ. ಅದು ಬಡ್ದ್ರೆ ಜ್ವರ ಬಂದೋನೂ ಎದ್ದು ಬತ್ತಾನೆ, ಯಾಕೆ ಗೊತ್ತಾ? ಎದಿಲ್ಮಾ ಸುಳ್ಳು ಕರಿಯಾಕಿಲ್ಲ ಅಂತ. ನಾಳೆ ಗುಡ್ಡ ಬೀಳ್ಲಿಲ್ಲ ಅನ್ಕೋ. ನಿನ್ ಸೈರನ್ನಿಗೆ ಆಗಿದ್ದೇ ನನ್ ಮುಚ್ಚಳಕ್ಕೂ ಆಯ್ತದೆ. ಆಮೇಲೆ ಈ ಕೇರೀಲಿ ಒಂದು ಇಟ್ಟಿಗೆ ಮೇಲೆ ಇನ್ನೊಂದು ಇಟ್ಟಿಗೆ ಕೂರಾಕಿಲ್ಲ."

"ಬೀಳ್ಲಿಲ್ಲ ಅಂದ್ರೆ ನಾನು ಬಂದು ಮನೆಮನೆಗೂ ತಪ್ಪಾಯ್ತು ಅಂತೀನಿ ಚಿಕ್ಕಮ್ಮ. ಬಿದ್ರೆ?"

ಎದಿಲ್ಮಾ ಬಿರುಕಿನಿಂದ ಕೈ ತೆಗೆದಳು. ಸೌಟನ್ನು ಎಳೆದುಕೊಂಡಳು. ಅದರ ತುದಿಗೆ ಕೆಂಪು ಮಣ್ಣು ಮೆತ್ತಿತ್ತು. ಏಪ್ರನ್ನಿಗೆ ಒರೆಸಿಕೊಂಡಳು.

"ಮೊದ್ಲು ಆ ಸೊಳ್ಳೆ ತಗೊಂಡು ಹೋಗು," ಅಂದಳು.

"ಯಾಕೆ?"

"ಅದು ಗುಯ್ ಅಂತ ತಲೆ ಮೇಲೆ ಸುತ್ತುತಿದ್ರೆ ಮುಚ್ಚಳ ಅಲ್ಲ, ಪೋಪೇ ಬಂದು ಗಂಟೆ ಬಡ್ದ್ರೂ ಬಾಗಿಲು ತೆಗಿಯಾಕಿಲ್ಲ ಇವ್ರು. ತಗೊಂಡು ಹೋಗು. ಕಣ್ಣಿಗೆ ಕಾಣ್ಬಾರ್ದು, ಕಿವಿಗೆ ಕೇಳ್ಬಾರ್ದು."

ಯೂರಾನಿಯ ಹೆಬ್ಬೆರಳು ಡ್ರೋನ್ ನಡೆಸುವ ಕಡ್ಡಿಯ ಮೇಲಿತ್ತು. ಪಕ್ಕದಲ್ಲಿ ಮರುಲಾಂದಾ ಕೈ ಅಡ್ಡ ಹಿಡಿದರು. ಫೋನನ್ನು ಭುಜಕ್ಕೂ ಕಿವಿಗೂ ನಡುವೆ ಸಿಕ್ಕಿಸಿಕೊಂಡೇ ತಲೆಯಾಡಿಸಿದರು.

"ತೆಗೀಬೇಡ. ಮೇಲಿನವರು ಚಿತ್ರ ಕೇಳ್ತಾ ಇದ್ದಾರೆ. ಸೆನ್ಸರ್ ಹಸಿರು ಅನ್ನುತ್ತೆ, ನಾವು ಬಾಯಲ್ಲಿ ಕೆಂಪು ಅಂದ್ರೆ ಯಾರು ಕೇಳ್ತಾರೆ? ಬಿರುಕನ್ನೇ ನೇರ ತೋರಿಸಬೇಕಂತೆ. ಸಭೇಲಿದ್ದಾರೆ, ಈಗ ಬರ್ತಾರೆ, ಒಂದು ನಿಮಿಷ."

"ಡ್ರೋನ್ ಅಲ್ಲಿರೋವರೆಗೂ ಜನ ಒಳಗೇ ಇರ್ತಾರೆ."

"ಚಿತ್ರ ಇಲ್ದಿದ್ರೆ ಸೈರನ್ ಇಲ್ಲ."

"ಸೈರನ್ ಆದ್ರೂ ಬರಲ್ಲ ಅವ್ರು! ನಾನು ಅಲ್ಲೇ ಬೆಳೆದವಳು, ನಾನೇ ಬರ್ತಿರಲಿಲ್ಲ!"

"ಯೂರಾನಿ, ತೆಗೆದ್ರೆ ನಮಗೆ ಕಣ್ಣೇ ಇರಲ್ಲ. ಅಲ್ಲೇನಾಗ್ತಿದೆ ಅಂತ…"

ಅವಳು ಕಡ್ಡಿ ಮೇಲಕ್ಕೆ ನೂಕಿದಳು. ಹಳದಿ ಏಪ್ರನ್ ಚಿಕ್ಕದಾಯಿತು, ಹಸಿರು ಬಾಗಿಲು ಚಿಕ್ಕದಾಯಿತು, ಕಪ್ಪು ಗೆರೆ ಕೂದಲೆಳೆಯಾಯಿತು. ಡ್ರೋನ್ ಮೋಡದೊಳಗೆ ಹೊಕ್ಕು, ಗುಡ್ಡದ ನೆತ್ತಿ ದಾಟಿ ಆಚೆ ಹೋಯಿತು. ಪರದೆ ಬೆಳ್ಳಗಾಯಿತು. ಬೆಳ್ಳಗಿನ ಮೂಲೆಯಲ್ಲಿ ಲಾ ಎಸ್ಪಿಗಾದ ಚುಕ್ಕೆ ಹಸಿರಾಗಿತ್ತು.

"ಏನು ಮಾಡ್ದೆ ನೀನು," ಅಂದರು ಮರುಲಾಂದಾ. ಬೈಯಲಿಲ್ಲ. ಟಾರ್ಪಾಲಿನಿಂದ ಹೊರಗೆ ಹೋಗಿ ತಾರಸಿಯ ಕಟ್ಟೆಯ ಅಂಚಿಗೆ ನಿಂತು ಆಚೆ ನೋಡಿದರು. ಅಲ್ಲೂ ಬಿಳಿಯೇ.

ಯೂರಾನಿ ಫೋನಿನ ಸ್ಪೀಕರ್ ಹಾಕಿದಳು. ಎದಿಲ್ಮಾ ಫೋನ್ ಕತ್ತರಿಸಿರಲಿಲ್ಲ, ಏಪ್ರನ್ ಜೇಬಿಗೆ ಹಾಗೆಯೇ ಇಳಿಬಿಟ್ಟಿದ್ದಳು. ಮೊದಲು ಬಟ್ಟೆಯ ಸರಸರ, ಅವಳ ಏದುಸಿರು, ಚಪ್ಪಲಿಯ ಪಚಪಚ. ಆಮೇಲೆ ಲೋಹ ನೆಲಕ್ಕೆ ತಾಗಿದ ಸದ್ದು. ಆಮೇಲೆ ಅದು.

ಢಣ್. ಢಣ್. ಢಣ್.

ಚಿಕ್ಕಂದಿನಲ್ಲಿ ಆ ಸದ್ದಿಗೆ ಯೂರಾನಿ ಮಂಚದಿಂದ ಹಾರಿ ಎದ್ದು ಬರಿಗಾಲಲ್ಲಿ ಓಡುತ್ತಿದ್ದಳು, ಸಿಮೆಂಟು ಕಲಸುವುದನ್ನು ನೋಡಲು. ಈಗಲೂ ಅವಳ ಕಾಲು ಹೊರಟಿತು. ತಾರಸಿಯ ಮೇಲೆ ಎಲ್ಲಿಗೆ ಹೋಗುವುದು? ಟಾರ್ಪಾಲಿನ ಆ ಕಂಬದಿಂದ ಈ ಕಂಬಕ್ಕೆ, ಈ ಕಂಬದಿಂದ ಆ ಕಂಬಕ್ಕೆ ನಡೆದಳು, ಫೋನನ್ನು ತುಂಬಿದ ಬಟ್ಟಲಿನ ಹಾಗೆ ಮುಂದೆ ಹಿಡಿದು.

"ಯಾರೂ ಬರ್ತಿಲ್ಲ," ಅಂದಳು.

"ಶ್," ಅಂದರು ಮರುಲಾಂದಾ.

ಒಂದು ಬಾಗಿಲು ಕಿರ್ ಅಂದಿತು.

"ಭಾನ್ವಾರ ಅಂತಾನೂ ಇಲ್ಲ, ಮಳೆ ಅಂತಾನೂ ಇಲ್ಲ!" ಗಂಡು ದನಿ. ಅಲ್ಬೇಯ್ರೋ. "ಮ್ಯಾಚು ನಡೀತೈತೆ ಎದಿಲ್ಮಾ, ಪೆನಾಲ್ಟಿ ಕೊಟ್ಟವ್ರೆ!"

"ಕಾಲು ನಿನ್ನದಾ ಒದಿಯಾಕೆ? ಗುದ್ದಲಿ ತಗಾ. ಹೇಸರಗತ್ತೆ ಹೊಡ್ಕಂಡು ಬಾ."

"ಎಲ್ಲಿ ಕೆಲ್ಸ?"

"ಕೆಳಗೆ. ಅಂಗಳದಲ್ಲಿ. ಹಂಡೆ ಹಿಡಿ, ಆ ಕಡೆ ಕಿವಿ ಹಿಡಿ."

"ಅಂಗಳದಲ್ಲಿ ಏನು ಕಟ್ತೀವಿ?"

"ಬಾ ಅಂದ್ನಲ್ಲ."

ಇನ್ನೊಂದು ಬಾಗಿಲು. ಇನ್ನೊಂದು. ಯಾರೋ ನಗುತ್ತಿದ್ದರು. ಯಾರೋ ಹೆಂಗಸು, "ಹೋದ್ಸಲ ಕೋಳಿ ಅಂತ ಹೇಳಿ ಬರೀ ಮೂಳೆ ಹಾಕಿದ್ದೆ, ಈ ಸಲ ನಾನೇ ಎಣಿಸ್ಕಂತೀನಿ," ಅಂದಳು. "ನಿನ್ ಪಾಲಿಗೆ ಕೋಳಿ ಕಾಲೇ ಹಾಕ್ತೀನಿ, ಬೇಗ ಬೇಗ ಇಳಿ," ಅಂದಳು ಎದಿಲ್ಮಾ. ಗುದ್ದಲಿಗಳು ಮೆಟ್ಟಿಲಿಗೆ ತಾಗಿ ಟಣಟಣ ಅಂದವು. ಮಕ್ಕಳು ಅಳುತ್ತಿದ್ದರು, ಬೈಸಿಕೊಳ್ಳುತ್ತಿದ್ದರು. ಮುಚ್ಚಳ ನಿಲ್ಲಲಿಲ್ಲ. ಮಾತಿನ ನಡುವೆ ಒಂದೊಂದೇ ಏಟು ಬೀಳುತ್ತಲೇ ಇತ್ತು.

ಆಮೇಲೆ ಒಂದು ಬಾಗಿಲಿಗೆ ಗುದ್ದುವ ಸದ್ದು.

"ನೂಬಿಯಾ! ತೆಗಿಯೇ!"

"ಸೊಳ್ಳೆ ಐತಾ?" ಒಳಗಿನಿಂದ.

"ಇಲ್ಲ. ಹೋಯ್ತು. ನನ್ ಮಗಳು ಓಡ್ಸವ್ಳೆ."

"ನಿನ್ ಮಗಳಾ? ಅವಳೇ ಅಲ್ವಾ ನನ್ ಮಹಡಿ ಫೋಟೋ ತೆಗೆದೋಳು? ನಾನು ಬರಾಕಿಲ್ಲ ಹೋಗು. ಬಾಗಿಲು ತೆರ್ದ್ರೆ ಬಣ್ಣ ಬಳೀತಾರೆ."

ಯೂರಾನಿ ಫೋನನ್ನು ಎದೆಗೆ ಒತ್ತಿಕೊಂಡಳು, ಮತ್ತೆ ಕಿವಿಯ ಹತ್ತಿರ ತಂದಳು.

"ಮರಗೆಣಸು ಎಷ್ಟೈತೆ ಮನೇಲಿ?" ಅಂದಳು ಎದಿಲ್ಮಾ.

"ಅರ್ಧ ಚೀಲ."

"ತಗೊಂಡು ಬಾ. ನಿನ್ ಗೆಣಸಿಲ್ದೆ ಹಂಡೆ ಒಲೆ ಮೇಲೆ ಇಡಾಕಿಲ್ಲ ನಾನು. ಜನ ಎಲ್ಲಾ ಕೆಳಗವ್ರೆ, ನಿನ್ ಒಬ್ಳಿಗೋಸ್ಕರ ಕಾಯ್ತಾವ್ರೆ. ಹಸ್ಕಂಡವ್ರೆ."

"ಕಾಳು ಬೇಯಕ್ಕಿಟ್ಟಿದೀನಿ. ಸೀದೋಯ್ತದೆ."

"ಮಡಕೆ ಸಮೇತ ಎತ್ಕಾ. ಕೊಡಿಲ್ಲಿ ಆ ಮಗೀನ."

ಬಾಗಿಲ ಅಗಣಿ ಕಡಕ್ ಅಂದಿತು. ಮಗುವಿನ ದನಿ ಫೋನಿಗೆ ತೀರಾ ಹತ್ತಿರ ಬಂತು, ಮೂಗು ಎಳೆದುಕೊಳ್ಳುವುದೂ ಕೇಳುವಷ್ಟು ಹತ್ತಿರ. ಚಪ್ಪಲಿಗಳು ಇಳಿಯತೊಡಗಿದವು. ನೂಬಿಯಾ ಗೊಣಗುತ್ತಲೇ ಇದ್ದಳು: ಬಿಸಿ ಮಡಕೆ, ಕೈ ಸುಡ್ತೈತೆ, ಈ ಮೆಟ್ಟಿಲು ಕಟ್ಟಿದ್ದೂ ನಾವೇ, ಜಾರಿ ಬೀಳೋರೂ ನಾವೇ, ಈಗ ಅಂಗಳದಲ್ಲಿ ಇನ್ನೇನು ಕಟ್ಟಿಸ್ತೀಯೋ, ಅರಮನೆನಾ?

"ಎಷ್ಟು ದೂರ ಇಳಿದಿದ್ದಾರೆ?" ಅಂದರು ಮರುಲಾಂದಾ.

"ಗೊತ್ತಾಗ್ತಿಲ್ಲ. ಕಿರಾಣಿ ಅಂಗಡಿ ದಾಟಿಲ್ಲ. ದಾಟಿದ್ರೆ ಅವರ ನಾಯಿ ಬೊಗಳುತ್ತೆ."

ನಾಯಿ ಬೊಗಳಲಿಲ್ಲ. ನೂಬಿಯಾ ಗೊಣಗಿದಳು. ಮಗು ಸೀನಿತು. ಯೂರಾನಿ ತುಟಿ ಕಚ್ಚಿ ಹಿಡಿದಿದ್ದಳು. ಆಮೇಲೆ ನಾಯಿ ಬೊಗಳಿತು, ಒಂದೇ ಸಮನೆ, ಹುಚ್ಚು ಹಿಡಿದ ಹಾಗೆ. ಅದರ ಹಿಂದೆಯೇ ಬೇರೊಂದು ಸದ್ದು ಶುರುವಾಯಿತು, ಲಾರಿಯಿಂದ ಜಲ್ಲಿ ಸುರಿದ ಹಾಗೆ, ಆದರೆ ಸುರಿದು ಮುಗಿಯದ ಹಾಗೆ. ಅದು ಫೋನಿನಿಂದಲೂ ಬಂತು, ಕಣಿವೆಯ ಆಚೆಯಿಂದಲೂ ಬಂತು, ತಾರಸಿಯ ನೆಲದಿಂದ ಅಂಗಾಲಿಗೂ ಬಂತು. "ಓಡು!" ಅಂದಳು ಎದಿಲ್ಮಾ, ಯಾರಿಗೋ. ಮುಚ್ಚಳ ಕಲ್ಲಿಗೆ ಬಡಿಯಿತು. ಫೋನು ಸತ್ತಿತು.

"ಚಿಕ್ಕಮ್ಮ," ಅಂದಳು ಯೂರಾನಿ ಸತ್ತ ಫೋನಿಗೆ. ಮತ್ತೆ ಹಚ್ಚಿದಳು. ಸಂಪರ್ಕ ಸಿಗುತ್ತಿಲ್ಲ ಅಂತ ಹೆಂಗಸೊಬ್ಬಳು ತುಂಬ ಮರ್ಯಾದೆಯಿಂದ ಹೇಳಿದಳು.

ಕಡ್ಡಿಯನ್ನು ಮುಂದೆ ನೂಕಿದಳು. ಡ್ರೋನ್ ಗುಡ್ಡದ ಆಚೆಯಿಂದ ವಾಪಸ್ಸು ಹೊರಟಿತು. ಬಿಳಿ, ಬಿಳಿ, ಬರೀ ಬಿಳಿ. ಬ್ಯಾಟರಿ ಮುಗಿಯುತ್ತ ಬಂದಿದೆ ಅಂತ ಅದು ಕುಯ್ ಕುಯ್ ಅನ್ನತೊಡಗಿತು. ಮರುಲಾಂದಾ ಅವಳ ಹಿಂದೆ ಬಂದು ನಿಂತಿದ್ದರು, ಅವರ ಉಸಿರು ಅವಳ ಕಿವಿಗೆ ತಾಗುತ್ತಿತ್ತು.

ಮೋಡದ ಕೆಳಗೆ ಇಳಿದಾಗ ಮೊದಲು ಕಂಡದ್ದು ಕೆಂಪು ಮಣ್ಣು. ಹಸಿರು ಬಾಗಿಲ ಮನೆ ಇದ್ದ ಕಡೆ ಮಣ್ಣು. ನೂಬಿಯಾಳ ಮನೆಯೂ ಇರಲಿಲ್ಲ, ಅವಳು ಕದ್ದು ಕಟ್ಟಿದ ಮೇಲಂತಸ್ತಿನ ನೀಲಿ ಟ್ಯಾಂಕು ಮಾತ್ರ ಮಣ್ಣಿನ ಮೇಲೆ ಮಗುಚಿ ಬಿದ್ದಿತ್ತು. ಮೆಟ್ಟಿಲುಗಳು ಅರ್ಧದವರೆಗೆ ಬಂದು ನಿಂತಿದ್ದವು, ಹೇಳುತ್ತ ಹೇಳುತ್ತ ಮರೆತ ಮಾತಿನ ಹಾಗೆ. ಸೀಬೆ ಮರ ಬೇರು ಮೇಲೆ ಮಾಡಿ ಮಲಗಿತ್ತು. ಅದೆಲ್ಲದರ ಮೇಲೆ, ಮಣ್ಣು ಕಿತ್ತುಹೋಗಿ ಬಯಲಾದ ಬಂಡೆಯ ನೆತ್ತಿಯಲ್ಲಿ, ಬಿಳಿ ನೀಲಿ ಬಣ್ಣದ ಕಪ್ಪೆ ನೆಟ್ಟಗೆ ನಿಂತಿತ್ತು. ಎರಡು ಡಬ್ಬದ ಹೂಗಿಡಗಳೂ ಹಾಗೆಯೇ ಇದ್ದವು.

"ಕೆಳಗೆ," ಅಂದರು ಮರುಲಾಂದಾ. "ಅಂಗಳ, ಅಂಗಳ."

ಅಂಗಳ ತುಂಬ ಜನ. ಗುದ್ದಲಿ ಹಿಡಿದವರು, ಬಾಂಡ್ಲಿ ಹಿಡಿದವರು, ಟವೆಲು ಸುತ್ತಿಕೊಂಡವನೊಬ್ಬ, ಹೇಸರಗತ್ತೆ. ಗೋಲು ಕಂಬದ ಹತ್ತಿರ ಹಂಡೆ. ಹಂಡೆಯ ಪಕ್ಕ ನೂಬಿಯಾ, ಕಾಳಿನ ಮಡಕೆಯನ್ನು ಇನ್ನೂ ಎದೆಗಪ್ಪಿ, ಎತ್ತಲೋ ನೋಡುತ್ತ. ಅವಳ ಕಾಲಿಗೆ ಜೋತುಬಿದ್ದ ಮಕ್ಕಳು, ಒಂದು, ಎರಡು. ಯೂರಾನಿ ಹಳದಿ ಹುಡುಕಿದಳು. ಆ ಮೂಲೆ, ಈ ಮೂಲೆ, ಮೆಟ್ಟಿಲ ತುದಿ, ಮತ್ತೆ ಹಂಡೆ. ಕಾಣಲಿಲ್ಲ. ಡ್ರೋನನ್ನು ಗಿರ್ರನೆ ತಿರುಗಿಸಿದಳು. ಜನ ತಲೆಯೆತ್ತಿ ನೋಡಿದರು. ಯಾರೂ ಅಲ್ಲಾಡಲಿಲ್ಲ.

ಮೆಟ್ಟಿಲ ಬುಡದಲ್ಲಿ ಕೆಸರು ಮೆತ್ತಿದ ಒಂದು ಮುದ್ದೆ ಎದ್ದು ನಿಂತಿತು. ಕಂಕುಳಲ್ಲಿ ಮೂರನೆಯ ಮಗು. ಏಪ್ರನ್ ಹಳದಿಯಾಗಿ ಉಳಿದಿರಲಿಲ್ಲ. ಮಗುವನ್ನು ನೂಬಿಯಾಳ ಕೈಗೆ ಕೊಟ್ಟು, ನೂಬಿಯಾಳ ಕೈಯಿಂದ ಮಡಕೆ ಇಸಿದುಕೊಂಡು, ಅದನ್ನು ಎಲ್ಲಿಡಬೇಕೆಂದು ತಿಳಿಯದೆ ಒಂದು ಗಳಿಗೆ ನಿಂತು, ಹಂಡೆಗೆ ಸುರಿದಳು ಎದಿಲ್ಮಾ.

ಯೂರಾನಿ ನೆಲದ ಮೇಲೆ ಕುಕ್ಕರಿಸಿದಳು. ಪರದೆಯನ್ನು ಬಿಡಲಿಲ್ಲ.

ಮರುಲಾಂದಾರ ಫೋನು ಗುನುಗಿತು. "ಹೂಂ ಸರ್," ಅಂದರು. "ಹೌದು ಸರ್. ಲಾ ಎಸ್ಪಿಗಾ." ಪರದೆಯ ಮೂಲೆ ನೋಡಿದರು. "ಹಸಿರೇ ಇದೆ ಸರ್." ಆಮೇಲೆ ಫೋನನ್ನು ಕಿವಿಯಿಂದ ದೂರ ಹಿಡಿದು, ಕಟ್ಟೆಯ ಕಡೆ ತಿರುಗಿ ನಿಂತರು. ಫೋನಿನೊಳಗಿನ ದನಿ ಒಂದಷ್ಟು ಹೊತ್ತು ಹಲೋ ಹಲೋ ಅಂದಿತು.

ಡ್ರೋನಿಗೆ ಇಲ್ಲಿಯವರೆಗೆ ಹಾರಿ ಬರುವಷ್ಟು ಶಕ್ತಿ ಉಳಿದಿರಲಿಲ್ಲ. ಯೂರಾನಿ ಅದನ್ನು ಅಂಗಳಕ್ಕೇ ಇಳಿಸಿದಳು. ಜನ ಹಿಂದೆ ಸರಿದು ಜಾಗ ಬಿಟ್ಟರು. ಅದು ಗೋಲು ಕಂಬದ ಮುಂದೆ ಕೂತಿತು. ಈಗ ಪರದೆಯಲ್ಲಿ ಬರೀ ಕಾಲುಗಳು: ಬೂಟು, ಬರಿಗಾಲು, ಮಕ್ಕಳ ಕಾಲು, ಹೇಸರಗತ್ತೆಯ ಗೊರಸು. ಯಾರೋ ಮರಗೆಣಸಿನ ಸಿಪ್ಪೆ ಕೆತ್ತತೊಡಗಿದ್ದರು, ಸಿಪ್ಪೆ ಒಂದೊಂದೇ ಅಂಗಳದ ಮೇಲೆ ಬೀಳುತ್ತಿತ್ತು. ಗಾಜಿನ ಮೇಲೆ ಒಂದು ಹನಿ ಬಿತ್ತು. ಇನ್ನೊಂದು ಬಿತ್ತು. ಮಳೆ ಮತ್ತೆ ಶುರುವಾಗಿತ್ತು.

ಒಂದು ಜೊತೆ ಚಪ್ಪಲಿ ಹತ್ತಿರ ಬಂತು. ಒಂದಕ್ಕೆ ಪಟ್ಟಿ ಕಿತ್ತಿತ್ತು. ಎದಿಲ್ಮಾ ಮೊಣಕಾಲೂರಿ ಕೂತಳು, ಮುಖ ಪರದೆ ತುಂಬ ಬಂತು, ಹುಬ್ಬಿನ ಮೇಲೂ ಮಣ್ಣು. ಗಾಜನ್ನು ಹೆಬ್ಬೆರಳಿನಿಂದ ಒರೆಸಿದಳು. ಏನೋ ಅಂದಳು, ಕೇಳಿಸಲಿಲ್ಲ. ಪಕ್ಕದಿಂದ ಹಂಡೆಯ ಮುಚ್ಚಳ ಎಳೆದುಕೊಂಡಳು. ಅದರ ಒಂದು ಅಂಚು ಜಜ್ಜಿಹೋಗಿತ್ತು. ಮಳೆ ತಾಗದ ಹಾಗೆ, ಮೆಲ್ಲಗೆ, ಡ್ರೋನಿನ ಮೇಲೆ ಮುಚ್ಚಿದಳು.

ಪರದೆ ಕತ್ತಲಾಯಿತು. ಮೂಲೆಯಲ್ಲಿ ಹಸಿರು ಚುಕ್ಕೆಯೊಂದು ಉರಿಯುತ್ತಿತ್ತು.